ಮಗುಚಿಟ್ಟ ರೊಟ್ಟಿಗಳು

ಮಾರ್ಚ್ 3

ಗುಡ್ಡದ ಮನೆಯ ಸಾಮಾನು ವಿಂಗಡಿಸುವ ಕೆಲಸಕ್ಕೆ ನನ್ನನ್ನು ಹಾಕಿದ್ದಾರೆ. ಮ್ಯೂಸಿಯಂನಲ್ಲಿ ಹಳೆಯ ರತ್ನಗಂಬಳಿಗಳ ಕಲೆ ತೆಗೆಯುತ್ತ, ತೂತು ಹೊಲಿಯುತ್ತ ತಲೆ ನರೆತವಳು ನಾನು. ನಾಡು ಆಳಿದವನ ಸಾಮಾನಿಗೆ ನಾನೇಕೆ ಎಂದು ನಮ್ಮ ನಿರ್ದೇಶಕ ತೋಹಿರ್ ಅಕಾನನ್ನು ಕೇಳಿದೆ.

"ಅಲ್ಲಿರೋದೂ ಹಳೇ ಬಟ್ಟೆಗಳೇ ಇನೋಬತ್ ಓಪಾ. ಒಳಗಿದ್ದ ಆಸಾಮಿ ಮಾತ್ರ ಓಡಿಹೋಗಿದಾನೆ" ಎಂದ. ಗೌರವಕ್ಕೆ ನಾನು ಅವನಿಗೆ ಓಪಾ, ಅಂದರೆ ಅಕ್ಕ; ಅವನು ನನಗೆ ಅಕಾ, ಅಂದರೆ ಅಣ್ಣ.

ಜನವರಿಯಲ್ಲಿ ಈ ಮಾತು ಆಡಿದ್ದರೆ ತೋಹಿರ್ ಅಕಾನ ಚರ್ಮ ಸುಲಿಯುತ್ತಿದ್ದರು. ಆಗೆಲ್ಲ ಆ ಓಡಿಹೋದವನನ್ನು ‘ಒತಾ’, ಅಂದರೆ ತಂದೆ, ಎಂದೇ ಕರೆಯಬೇಕಿತ್ತು. ಶಾಲೆ, ಆಸ್ಪತ್ರೆ, ಬಸ್ಸಿನ ಬಾಗಿಲು, ಎಲ್ಲಿ ನೋಡಿದರೂ ಅಪ್ಪನ ಮೋರೆ. ಈಗ ಎಲ್ಲರ ಬಾಯಲ್ಲೂ ಬರೀ ‘ಅವನು’.

ಗುಡ್ಡದ ಮನೆಯ ಗೇಟಿನಲ್ಲಿ ಬಂದೂಕು ಹಿಡಿದ ಸೈನಿಕರು ನಿಂತಿದ್ದಾರೆ. ಜನ ನುಗ್ಗಿ ನಲ್ಲಿ, ಬಾಗಿಲ ಹಿಡಿ ಸಮೇತ ಕಿತ್ತುಕೊಂಡು ಹೋದ ಮೇಲೆ ಬಂದವರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಕಾಗದಪತ್ರಗಳನ್ನು ಅವನ ಕಡೆಯವರೇ ಓಡುವ ಮೊದಲು ಸುಟ್ಟಿದ್ದಾರೆ. ಹಿತ್ತಲಿನ ತುಂಬ ಬೂದಿ. ಉಳಿದದ್ದು ಯಾರಿಗೂ ಬೇಡವಾದ ವಸ್ತುಗಳು. ಜಿಲ್ಲೆ ಜಿಲ್ಲೆಯವರು ಹೊದಿಸಿದ, ಒಮ್ಮೆಯೂ ತೊಡದ ಜರಿಯ ನಿಲುವಂಗಿಗಳು. ಕಾಲುವೆಗಳ ಉದ್ಘಾಟನೆಗೆ ಹಿಡಿಯುತ್ತಿದ್ದ ಚಿನ್ನದ ಮುಲಾಮಿನ ಸಲಿಕೆ. ತಲೆಗೂದಲಿಗೆ ಹಚ್ಚುವ ಕಪ್ಪುಬಣ್ಣದ ಪೆಟ್ಟಿಗೆಗಳು. ಮಂತ್ರಿಗಳ ಸಭೆ ಸೇರುವ ಕೋಣೆಯಲ್ಲಿ ಸೂರಿನಿಂದ ಮಕ್ಕಳ ಉಯ್ಯಾಲೆಯೊಂದನ್ನು ತೂಗುಬಿಟ್ಟಿದ್ದಾರೆ. ಅವನಿಗೆ ಮಕ್ಕಳಿರಲಿಲ್ಲ. ಅದರಲ್ಲಿ ಯಾರು ಕೂರುತ್ತಿದ್ದರು, ಯಾರು ತೂಗುತ್ತಿದ್ದರು? ಹೇಳುವವರು ಯಾರೂ ಇಲ್ಲ.

ಮನೆಗೆ ಬಂದರೆ ಅಲ್ಲೊಂದು ರಗಳೆ. ಫ್ರಿಜ್ ರಿಪೇರಿ ಮಾಡುವ ಎರ್ಗಾಶನ ತಾಯಿ ನನ್ನ ಸೊಸೆ ನಸೀಬಾಳನ್ನು ಕೇಳಿಕೊಂಡು ಬಂದಿದ್ದಳು. ತಟ್ಟೆಯಲ್ಲಿ ಎರಡು ರೊಟ್ಟಿ, ಸಕ್ಕರೆ, ಒಣದ್ರಾಕ್ಷಿ. ಮನೆಯ ಹಿರಿಯರು ಆ ರೊಟ್ಟಿ ಮುರಿದರೆ ಹೆಣ್ಣು ಕೊಟ್ಟಂತೆ. ಮುಚ್ಚಿದ ಬಟ್ಟೆಯನ್ನೂ ಸರಿಸದೆ ತಟ್ಟೆಯನ್ನು ವಾಪಸ್ ಕಳಿಸಿದೆ. ಬೋತಿರನ ರೊಟ್ಟಿ ಕಾಯುತ್ತಿರುವವರೆಗೆ ಬೋತಿರನ ಹೆಂಡತಿಯೂ ಕಾಯಬೇಕು ಎಂದೆ.

"ಗೋಡೆ ಮೇಲೆ ರೊಟ್ಟಿನೇ ಇಲ್ವಲ್ಲ ಓಯಿ" ಎಂದಳು ನಸೀಬಾ.

ಓಯಿ ಎಂದು ತಾಯಿಯನ್ನು ಕರೆಯುವ ಬಾಯಿ. ಅದೇ ಬಾಯಲ್ಲಿ ಎದುರುತ್ತರ. ಸಾರಿಗೂ ಉಪ್ಪು ಹೆಚ್ಚಾಗಿತ್ತು.

ಮಾರ್ಚ್ 4

ಹನ್ನೊಂದು ವರ್ಷ ಇದನ್ನು ಬರೆಯಲು ಹೆದರಿದ್ದೆ. ಈಗ ಬರೆಯುತ್ತೇನೆ. ಓದಿ ಹಿಡಿದುಕೊಂಡು ಹೋಗುವವರು ಈಗ ತಾವೇ ಬಚ್ಚಿಟ್ಟುಕೊಂಡಿದ್ದಾರೆ.

ನನ್ನ ಮಗ ಬೋತಿರ್ ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದ. ನಾಡು ಆಳುತ್ತಿದ್ದವನ ಮೆರವಣಿಗೆ ಬರುವಾಗ ನಕ್ಕನಂತೆ. ಏನು ಕಂಡು ನಕ್ಕ, ನಿಜಕ್ಕೂ ನಕ್ಕನೋ, ಸೊಟ್ಟಹಲ್ಲಿನವನ ಬಾಯಿ ಹಾಗೆ ಕಂಡಿತೋ, ತಿಳಿಯದು. ಸಂಜೆ ಇಬ್ಬರು ಬಂದು "ಸ್ವಲ್ಪ ಮಾತಾಡೋದಿದೆ, ಬೇಗ ಕಳಿಸ್ತೀವಿ" ಎಂದರು. ಆಗಷ್ಟೇ ನಾನು ತಂದೂರಿನಿಂದ ರೊಟ್ಟಿ ತೆಗೆದಿದ್ದೆ. ಮನೆ ಬಿಟ್ಟು ಹೋಗುವವರು ರೊಟ್ಟಿಯನ್ನು ಒಮ್ಮೆ ಕಚ್ಚಿ ಹೋಗಬೇಕು. ಉಳಿದದ್ದು ಗೋಡೆಯ ಮೇಲೆ ಅವರಿಗಾಗಿ ಕಾಯಬೇಕು. ತಿರುಗಿ ಬಂದವರು ಅದನ್ನು ತಿಂದು ಮುಗಿಸಬೇಕು. ನಮ್ಮ ಅಜ್ಜಿಯರ ಕಾಲದಿಂದ ಹೀಗೇ ನಡೆದಿದೆ. ಅವನು ಕಚ್ಚಿದ, ನಾನು ಗೋಡೆಗೆ ತೂಗುಹಾಕಿದೆ. ವಾರ ಕಳೆಯುವುದರೊಳಗೆ ಅವರೇ ಮತ್ತೆ ಬಂದರು. ಪುಸ್ತಕ ಮುಟ್ಟಲಿಲ್ಲ, ಪೆಟ್ಟಿಗೆ ತೆರೆಯಲಿಲ್ಲ. ಗೋಡೆಯಿಂದ ರೊಟ್ಟಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ನಡೆದರು.

ಮದುವೆಯಾಗಿ ಒಂದು ಶರತ್ಕಾಲವೂ ಪೂರ್ತಿ ಕಳೆದಿರಲಿಲ್ಲ. ನಸೀಬಾ ತವರಿಗೆ ಹೋಗುತ್ತೇನೆಂದು ಅಳುತ್ತಿದ್ದಳು. ಬಿಡಲಿಲ್ಲ.

ಮಾರ್ಚ್ 9

ಗುಡ್ಡದ ಮನೆಯ ನೆಲಮಾಳಿಗೆಯಲ್ಲಿ ಅವನ ಹಲ್ಲಿನ ಡಾಕ್ಟರ ಕೋಣೆಯ ಹಿಂದೆ ಇನ್ನೊಂದು ಬಾಗಿಲಿತ್ತು. ಇವತ್ತು ಒಡೆದರು. ಒಳಗೆ ಒಣಗಾಳಿ ಬಿಡುವ ಯಂತ್ರ. ಗೋಡೆಯಿಂದ ಗೋಡೆಗೆ ಹಲಗೆಗಳು, ಹಲಗೆ ತುಂಬ ರೊಟ್ಟಿಗಳು. ಎಲ್ಲವನ್ನೂ ಮುಖ ಕೆಳಗಾಗಿ ಮಗುಚಿ ಇಟ್ಟಿದ್ದಾರೆ.

ಮಗುಚಿದ ರೊಟ್ಟಿ ಕಂಡು ಸುಮ್ಮನಿರುವುದು ನಮ್ಮವರ ಕೈಲಾಗದ ಮಾತು. ಹೆತ್ತವರನ್ನು ಬೈದವನೂ ರೊಟ್ಟಿಯನ್ನು ಮಗುಚಿಡುವುದಿಲ್ಲ. ತೋಹಿರ್ ಅಕಾ, ನಾನು, ಬೀಗ ಒಡೆದ ಸೈನಿಕರು, ಎಲ್ಲರೂ ಒಂದೊಂದನ್ನೇ ಎತ್ತಿ, ಧೂಳು ಒರೆಸಿ, ಹಣೆಗೊತ್ತಿಕೊಂಡು, ಮುಖ ಮೇಲಾಗಿ ಇಡುತ್ತ ಹೋದೆವು. ಬಿದ್ದು ಹೋಗುವಂತಿದ್ದವನ್ನು ಬೇರೆ ಹಲಗೆಗೆ ಸರಿಸಿದೆವು. ದೊಡ್ಡವು ಒಂದು ಕಡೆ, ಚಿಕ್ಕವು ಒಂದು ಕಡೆ. ಮನಸ್ಸಿಗೆ ಸಮಾಧಾನವಾದ ಮೇಲೆ ಕಣ್ಣು ಬಿಟ್ಟು ನೋಡಿದೆವು. ಪ್ರತಿ ರೊಟ್ಟಿಯ ಅಂಚಿನಲ್ಲೂ ಒಂದು ಕಚ್ಚು.

ಸೈನಿಕರಲ್ಲಿ ಒಬ್ಬ ಅಲ್ಲೇ ಕುಸಿದು ಕೂತ. ಅವನಿಗೂ ಯಾರೋ ಇದ್ದಿರಬೇಕು.

ಮಾರ್ಚ್ 10

ತನಿಖೆಯ ಅಧಿಕಾರಿ ಅನ್ವರ್ ಬಂದು ಬೈದ. ವಯಸ್ಸು ಚಿಕ್ಕದು, ಬೈಗುಳ ಮಾತ್ರ ಹಿರಿಯರದು.

"ಸಾಲು ಇದ್ದ ಹಾಗೇ ಬಿಟ್ಟಿದ್ರೆ ಯಾವುದು ಮೊದಲು ಬಂತು, ಯಾವುದು ಆಮೇಲೆ ಅಂತ ಧೂಳು ನೋಡಿನಾದ್ರೂ ಹೇಳ್ಬಹುದಿತ್ತು. ಕಾಗದ ಎಲ್ಲ ಬೂದಿ. ಉಳಿದಿದ್ದು ಅದೊಂದೇ. ಬೇರೆಯೋರ್ನ ಬಿಡಿ, ಮ್ಯೂಸಿಯಮ್ಮಿನೋರು ನಿಮಗೆ ಗೊತ್ತಾಗ್ಬೇಕಿತ್ತಲ್ವಾ ಓಪಾ?"

"ಮಗುಚಿತ್ತಪ್ಪಾ" ಎಂದೆ.

"ಮಗುಚಿದ್ರೆ ಮಗುಚಿರ್ಲಿ. ಅದು ಸಾಕ್ಷಿ, ಊಟ ಅಲ್ಲ."

ಹೀಗೆ ಹೇಳುತ್ತಿರುವಾಗಲೇ ಮೂಲೆಯಲ್ಲಿ ನಮ್ಮ ಕಣ್ಣು ತಪ್ಪಿದ ಒಂದು ರೊಟ್ಟಿ ಅವನಿಗೆ ಕಂಡಿತು. ಮಾತು ನಿಲ್ಲಿಸದೆಯೇ ಬಗ್ಗಿ ಅದನ್ನು ಮುಖ ಮೇಲೆ ಮಾಡಿಟ್ಟ. ತೋಹಿರ್ ಅಕಾ ಕೆಮ್ಮಿದ. ಅನ್ವರ್ ತನ್ನ ಕೈಯನ್ನೇ ನೋಡಿಕೊಂಡು, ಟೋಪಿ ತೆಗೆದು, ಹೊರಗೆ ಹೋದ.

ಅಂತೂ ಯಾವ ರೊಟ್ಟಿ ಯಾವ ವರ್ಷದ್ದೆಂದು ಇನ್ನು ದೇವರೇ ಹೇಳಬೇಕು.

ಮಾರ್ಚ್ 14

ಸುದ್ದಿ ಹೇಗೋ ಊರಿಗೆ ಮುಟ್ಟಿದೆ. ಬೆಳಗ್ಗೆ ಗೇಟಿನ ಹೊರಗೆ ಹೆಂಗಸರ ಸಾಲು. ಬೆಟ್ಟದ ಹಳ್ಳಿಗಳಿಂದಲೂ ಬಂದಿದ್ದಾರೆ. ರೊಟ್ಟಿಯ ಮೇಲೆ ಹೂವು ಮೂಡಿಸಲು ಒತ್ತುವ ಮೊಳೆಮುದ್ರೆಯನ್ನು ಪ್ರತಿಯೊಬ್ಬಳೂ ಮನೆಯಿಂದ ತಂದಿದ್ದಾಳೆ. ಒಂದು ಮನೆಯ ಮುದ್ರೆಯ ಹೂವು ಇನ್ನೊಂದರ ಹಾಗಿರುವುದಿಲ್ಲ, ಅದನ್ನು ನೋಡಿ ಗುರುತು ಹಿಡಿಯಬಹುದು. ಎಲ್ಲ ಸರಿ. ಆದರೆ ಸಾಕ್ಷಿಯ ವಸ್ತುವನ್ನು ಕೇಳಿದವರಿಗೆಲ್ಲ ಕೊಡಲಾಗುತ್ತದೆಯೇ? ನಾನೇ ಗೇಟಿಗೆ ಹೋಗಿ ಹೇಳಿದೆ.

"ಇವತ್ತು ಆಗಲ್ಲ. ಮುಂದಿನ ವಾರ ಬನ್ನಿ."

ಮುಂದೆ ನಿಂತಿದ್ದ ಮುದುಕಿ ಸೋರಾ ಖೋಲಾ, ಅಂದರೆ ಸೋರಾ ಚಿಕ್ಕಮ್ಮ, ಹಲ್ಲಿಲ್ಲದ ಬಾಯಲ್ಲಿ ನಕ್ಕಳು. "ಜೈಲಿನ ಕಿಟಕೀಲಿ ಕೂತಿದ್ದೋನೂ ಇದನ್ನೇ ಹೇಳ್ತಿದ್ದ ಮಗಳೇ. ಪಾಪ, ಅವನೂ ನಿನ್ನ ಹಾಗೇ ‘ಬನ್ನಿ’ ಅಂತ ಬಹುವಚನ ಹಾಕ್ತಿದ್ದ."

ಮುದುಕರ ಬಾಯಿಗೆ ಬೀಗವಿಲ್ಲ. ನಿಯಮ ಎಂದರೆ ನಿಯಮ ಎಂದು ಹೇಳಿ ಒಳಗೆ ಬಂದೆ.

ನಮ್ಮ ರೊಟ್ಟಿಯನ್ನು ನಾನೂ ಹುಡುಕುತ್ತಿದ್ದೇನೆ. ನನ್ನ ಕೆಲಸವೇ ಹುಡುಕುವುದು, ಅದರಲ್ಲಿ ತಪ್ಪೇನಿಲ್ಲ. ನಮ್ಮ ಮುದ್ರೆಯ ಒಂದು ಮೊಳೆ ಮುರಿದುಹೋಗಿದೆ. ಹಾಗಾಗಿ ನಮ್ಮ ಹೂವಿಗೆ ಒಂದು ಎಸಳು ಕಡಿಮೆ.

"ಸಿಕ್ತಾ ಓಯಿ?" ಎಂದು ನಸೀಬಾ ಕೇಳಿದಳು.

"ಸಿಗುತ್ತೆ. ಸಿಕ್ಕಿದ ದಿನ ಮತ್ತೆ ಗೋಡೆಗೆ ಹಾಕ್ತೀನಿ. ಆಮೇಲೆ ಯಾವ ತಟ್ಟೆನೂ ಈ ಹೊಸಿಲು ದಾಟಲ್ಲ."

ಅವಳು ಬಟ್ಟಲು ತೊಳೆಯುತ್ತಲೇ ಹೇಳಿದಳು. "ಏಪ್ರಿಲ್ ಕೊನೆಗೆ ಅವರ ತಾಯಿ ಇನ್ನೊಂದು ಸಲ ಬರ್ತಾರಂತೆ. ಅದೇ ಕೊನೆ. ಆಮೇಲೆ ಬೇರೆ ಕಡೆ ನೋಡ್ತಾರೆ. ನೀವು ಬೇಡ ಅಂದ್ರೆ ನಾನು ಹೋಗಲ್ಲ ಓಯಿ. ನೀವು ಬೇಡ ಅಂತ ಬಾಯ್ಬಿಟ್ಟು ಹೇಳ್ಬೇಕು ಅಷ್ಟೇ."

ಇಷ್ಟು ದೀರ್ಘವಾಗಿ ಮಾತಾಡಲು ಯಾವಾಗ ಕಲಿತಳೋ.

ಮಾರ್ಚ್ 21

ಹೊಸ ವರ್ಷದ ನವ್ರೋಜ್ ಹಬ್ಬ. ಕೇರಿಯ ಹೆಂಗಸರೆಲ್ಲ ಸೇರಿ ಮೊಳಕೆ ಗೋಧಿಯ ಪಾಯಸಕ್ಕೆ ದೊಡ್ಡ ಕಡಾಯಿ ಇಟ್ಟಿದ್ದರು. ಸೊಸೆ ಸೌಟು ತಿರುಗಿಸುತ್ತಿದ್ದಳು. ಯಾರೋ ಏನೋ ಹೇಳಿದ್ದಕ್ಕೆ ಬಾಯ್ತುಂಬ ನಕ್ಕಳು. ಕಿಟಕಿಯಿಂದ ಕೇಳಿಸಿತು. ನಮ್ಮ ಮನೆಯೊಳಗೆ ಆ ಸದ್ದು ಕೇಳಿದ ನೆನಪಿಲ್ಲ. ಬೆನ್ನು ನೋಯುತ್ತಿದೆ ಎಂದು ಅವಳನ್ನು ಕೂಗಿ ಒಳಗೆ ಕರೆದೆ.

ಬಂದು ಬೆನ್ನು ತಿಕ್ಕಿದಳು. ನಗು ಎಲ್ಲಿಟ್ಟು ಬಂದಳೋ.

ಮಾರ್ಚ್ 27

ಇದನ್ನು ಬರೆಯಲು ಕೈ ಏಳುತ್ತಿಲ್ಲ.

ಎಷ್ಟೋ ರೊಟ್ಟಿಗಳಲ್ಲಿ ಎರಡು ಕಚ್ಚುಗಳಿವೆ. ಮೊದಲನೆಯದು ಬಿಸಿ ರೊಟ್ಟಿಯಲ್ಲಿ ಕಚ್ಚಿದ್ದು, ಮನೆಯಲ್ಲಿ. ಎರಡನೆಯದು ಒಣಗಿದ ಮೇಲೆ ಅಂಚನ್ನು ಚಹಾದಲ್ಲಿ ಅದ್ದಿ ಮೆತ್ತಗೆ ಮಾಡಿಕೊಂಡು ಕಚ್ಚಿದ್ದು. ಚಹಾದ ಕಲೆ ನನಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು? ಜೀವನವಿಡೀ ಕಂಬಳಿಯಿಂದ ತೆಗೆದದ್ದು ಅದನ್ನೇ.

ಪಕ್ಕದ ಹಲ್ಲಿನ ಡಾಕ್ಟರ ಕೋಣೆಯಲ್ಲಿ ಅವನ ಹಲ್ಲುಗಳನ್ನು ಪ್ಲಾಸ್ಟರಿನಲ್ಲಿ ಎರೆದದ್ದು ಸಿಕ್ಕಿತ್ತು. ಮೇಲಿನ ಸಾಲು, ಕೆಳಗಿನ ಸಾಲು. ಅನ್ವರ್ ಅದನ್ನು ತಂದು ನನ್ನ ಕೈಗೆ ಕೊಟ್ಟ. ಒಂದು ರೊಟ್ಟಿಯ ಎರಡನೇ ಕಚ್ಚಿಗೆ ಹಿಡಿದೆ. ಪೆಟ್ಟಿಗೆಗೆ ಮುಚ್ಚಳದ ಹಾಗೆ ಕೂತಿತು. ಇನ್ನೊಂದಕ್ಕೆ ಹಿಡಿದೆ. ಕೂತಿತು. ಮತ್ತೊಂದು. ಅಲ್ಲಿಗೆ ತೋಹಿರ್ ಅಕಾ ಎದ್ದು ಹೊರಗೆ ಹೋದ.

ಇನ್ನೊಬ್ಬರಿಗೆ ಕಾಯುತ್ತಿರುವ ರೊಟ್ಟಿ ತಿಂದರೆ ಅವರ ಉಳಿದ ಆಯಸ್ಸನ್ನೇ ತಿಂದಂತೆ ಎಂದು ನಮ್ಮಜ್ಜಿ ಹೆದರಿಸುತ್ತಿದ್ದಳು. ಹಸಿದು ಗೋಡೆಯತ್ತ ಕೈ ಚಾಚಬಾರದೆಂದು ಮಕ್ಕಳಿಗೆ ಹೇಳುವ ಮಾತು ಅದು. ಅವನೂ ಯಾವುದೋ ಅಜ್ಜಿಯ ಮೊಮ್ಮಗನೇ ತಾನೇ, ಅವನೂ ಕೇಳಿರುತ್ತಾನೆ. ನಂಬಿ ತಿಂದನೋ? ಸಾಯುವ ಭಯಕ್ಕೆ ತಿಂದನೋ? ಸುಮ್ಮನೆ ಖುಷಿಗೋ? ಅವನಿಗೆ ಚಹಾ ಕೊಡುತ್ತಿದ್ದ ಮುದುಕನನ್ನು ಅನ್ವರ್ ನಮ್ಮೆದುರೇ ಕೇಳಿದ.

"ಒಂದೊಂದ್ಸಲ ಕೆಳಗಿಂದ ರೊಟ್ಟಿ ತರಿಸ್ಕೊಳ್ತಿದ್ರು. ನಾನು ಬಟ್ಟಲು ಮಾತ್ರ ನೋಡ್ತಿದ್ದೆ ಸ್ವಾಮಿ. ಮುಖ ನೋಡೋ ಪದ್ಧತಿ ಇರ್ಲಿಲ್ಲ."

"ಯಾಕೆ ಮಗುಚಿಡ್ತಿದ್ರು?"

"ಕೇಳೋ ಪದ್ಧತೀನೂ ಇರ್ಲಿಲ್ಲ."

ಅವನ ಹಲ್ಲು ಕೂತರೆ ಆ ರೊಟ್ಟಿಯ ಕೈದಿ ಸತ್ತ ಎಂದೇ ಗೇಟಿನ ಹೆಂಗಸರು ತೀರ್ಮಾನ ಮಾಡಿಕೊಂಡಿದ್ದಾರೆ. ಅದೇನೂ ಪುರಾವೆ ಅಲ್ಲ ಎನ್ನುತ್ತಾನೆ ಅನ್ವರ್. ಹಾಗೆನ್ನುವಾಗ ಅವನ ದನಿಯಲ್ಲೂ ಬಲವಿಲ್ಲ.

ನಾಲ್ಕೈದು ರೊಟ್ಟಿಗಳ ಎರಡನೇ ಕಚ್ಚಿಗೆ ಮಾತ್ರ ಪ್ಲಾಸ್ಟರಿನ ಹಲ್ಲು ಕೂರುವುದಿಲ್ಲ. ಹಾಗಾದರೆ ಕೈದಿಗಳಿಗೇ ತಿನ್ನಿಸಿದರೇ? ಅವರನ್ನು ಇಲ್ಲೇ ಎಲ್ಲೋ ಇಟ್ಟಿದ್ದರೇ? ಅನ್ವರ್ ನೆಲ ಅಗೆಸುತ್ತಿದ್ದಾನೆ.

ಏಪ್ರಿಲ್ 2

ಸಿಕ್ಕಿತು. ಎಸಳು ಕಡಿಮೆ ಇರುವ ಹೂವು.

ಏಪ್ರಿಲ್ 3

ನಿನ್ನೆ ಏನೂ ಬರೆಯಲಾಗಲಿಲ್ಲ. ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಕೆಲಸದ ಮೇಜಿನ ಒಳಗಿಟ್ಟು ಬಂದಿದ್ದೆ. ಇವತ್ತು ಎಲ್ಲರೂ ಊಟಕ್ಕೆ ಹೋದಾಗ ಬಾಗಿಲು ಹಾಕಿಕೊಂಡು ಬಿಚ್ಚಿದೆ.

ಮೊದಲ ಕಚ್ಚು ನನ್ನ ಮಗನದು. ಬೇರೆ ಯಾರದೂ ಆಗಲಾರದು. ಅವನ ಎಡಗಡೆಯ ಕೋರೆಹಲ್ಲು ಆಚೆಗೆ ತಿರುಗಿಕೊಂಡಿತ್ತು, ಕಚ್ಚಿದ ಕಡೆಯೆಲ್ಲ ಪಕ್ಕಕ್ಕೊಂದು ಗೀರು ಬೀಳುತ್ತಿತ್ತು. ಚಿಕ್ಕವನಿದ್ದಾಗ ಸೇಬು ಕದ್ದರೂ ಅದರಿಂದಲೇ ಸಿಕ್ಕಿಬೀಳುತ್ತಿದ್ದ.

ಎದುರಿನ ಅಂಚಿನಲ್ಲಿ ಎರಡನೆಯ ಕಚ್ಚು ಇದೆ. ಪ್ಲಾಸ್ಟರಿನ ಹಲ್ಲು ಹಿಡಿದೆ. ಕೂರಲಿಲ್ಲ. ಹೀಗೆ ಹಿಡಿದೆ, ಹಾಗೆ ಹಿಡಿದೆ, ಕೂರಲಿಲ್ಲ. ಚಹಾದ ಕಲೆ ಇಲ್ಲ, ಬರೀ ನೀರಿನಲ್ಲಿ ನೆನೆದ ಗುರುತು. ಪಕ್ಕದಲ್ಲಿ ಅದೇ ಗೀರು. ನಡುವೆ ಮಾತ್ರ ಹಿಟ್ಟು ಕಡಿಯದೆ ಹಾಗೇ ನಿಂತಿದೆ. ಮುಂದಿನ ಹಲ್ಲುಗಳು ಬೀಳಬೇಕಾದ ಜಾಗದಲ್ಲಿ ಹಲ್ಲುಗಳು ಬಿದ್ದಿಲ್ಲ.

ಮನೆಯಿಂದ ಹೋದಾಗ ನನ್ನ ಮಗನ ಬಾಯಲ್ಲಿ ಎಲ್ಲ ಹಲ್ಲುಗಳೂ ಇದ್ದವು.

ಹಲ್ಲು ಉದುರಿಸಿದ ಮೇಲೂ ಅವನು ಬದುಕಿದ್ದ. ನಾನು ನಾದಿ ಸುಟ್ಟ ರೊಟ್ಟಿ ಅವನ ಕೈ ಸೇರಿತ್ತು. ಯಾಕೆ ಕೊಟ್ಟರು? ಅಣಕಿಸಲೋ, ‘ಮನೆಗೆ ಬಂದೆ, ತಿನ್ನು’ ಎಂದು ಆಟ ಆಡಿಸಲೋ? ಹಸಿದಿದ್ದವನು ಪೂರ್ತಿ ಯಾಕೆ ತಿನ್ನಲಿಲ್ಲ? ಕಸಿದುಕೊಂಡರೋ? ಮನೆ ಮುಟ್ಟದೆ ಮುಗಿಸಬಾರದೆಂದು ಅವನೇ ಉಳಿಸಿದನೋ? ಇದು ಯಾವ ವರ್ಷದ ಮಾತು? ಕರೆದುಕೊಂಡು ಹೋದ ತಿಂಗಳೋ, ಹೋದ ಚಳಿಗಾಲವೋ? ಹಲಗೆಯ ಮೇಲೆ ಸಾಲು ಇದ್ದ ಹಾಗೇ ಇದ್ದಿದ್ದರೆ ಅನ್ವರ್ ಹೇಳುತ್ತಿದ್ದ. ಸಾಲು ಕೆಡಿಸಿದ ಕೈಗಳಲ್ಲಿ ನನ್ನವೂ ಇದ್ದವು.

ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ. ಸಂಕಟ ಎಷ್ಟೋ ಸಂತೋಷವೂ ಅಷ್ಟೇ. ಹೀಗೂ ಆಗುತ್ತದೆಂದು ಗೊತ್ತಿರಲಿಲ್ಲ.

ಒಂದಂತೂ ಖಂಡಿತ. ಇದನ್ನು ತೋರಿಸಿದರೆ ನಸೀಬಾ ಈ ಮನೆ ಬಿಟ್ಟು ಹೆಜ್ಜೆ ಎತ್ತುವುದಿಲ್ಲ. ಎರ್ಗಾಶನ ತಾಯಿ ಇನ್ನು ನಮ್ಮ ಬೀದಿಗೆ ಕಾಲಿಡಬೇಕಾಗಿಲ್ಲ. ನಾಳೆ ಹೇಳುತ್ತೇನೆ.

ಏಪ್ರಿಲ್ 8

ಇನ್ನೂ ಹೇಳಿಲ್ಲ. ಮೊದಲ ದಿನ ಅವಳಿಗೆ ತಲೆನೋವಿತ್ತು. ಆಮೇಲೆ ನೆಂಟರು ಬಂದರು. ನಿನ್ನೆ ಹೇಳೋಣವೆಂದರೆ ಅವಳು ಅಂಗಳದಲ್ಲಿ ಕೂತು ತಲೆಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಹಿಂದೆ ಕೈ ಎಟುಕುತ್ತಿರಲಿಲ್ಲ. ಬ್ರಷ್ ಇಸಿದುಕೊಂಡು ನಾನೇ ಹಚ್ಚಿದೆ. ಕುತ್ತಿಗೆಯ ಹತ್ತಿರ ಕೂದಲು ಅರ್ಧಕ್ಕರ್ಧ ಬೆಳ್ಳಗಾಗಿದೆ.

"ಯಾವಾಗಿಂದ ಹೀಗೆ?" ಎಂದೆ.

"ಬಹಳ ದಿನ ಆಯ್ತು ಓಯಿ. ನೀವು ಹಿಂದಿಂದ ನೋಡಿರ್ಲಿಲ್ಲ ಅಷ್ಟೇ."

ಎರ್ಗಾಶ್ ಎಂಥವನು ಎಂದು ಕೇಳಿದೆ. ಸುಮ್ಮನೆ, ಮಾತಿಗೆ. ಬ್ರಷ್ಷಿನ ಕೆಳಗೆ ಅವಳ ತಲೆ ಅಲುಗದೆ ನಿಂತಿತು.

"ಕುಳ್ಳ. ಮಾತು ಕಮ್ಮಿ. ರಿಪೇರಿಗೆ ಬಂದ ಫ್ರಿಜ್‌ನೆಲ್ಲ ಒಳಗೆ ಒರೆಸಿ, ನಿಂಬೆಹೋಳು ಇಟ್ಟು ಕಳಿಸ್ತಾನೆ. ವಾಸನೆ ಬರ್ಬಾರ್ದು ಅಂತ. ಅದಕ್ಕೇನೂ ದುಡ್ಡು ತಗೊಳಲ್ಲ."

ಗಂಡಿನ ಗುಣ ಹೇಳೆಂದರೆ ಫ್ರಿಜ್ಜಿನ ಗುಣ ಹೇಳಿದಳು. ಹುಡುಗಿಗೆ ಅಷ್ಟಕ್ಕೇ ಮನಸ್ಸು ತುಂಬಿದೆ.

ಸಾರು ಚೆನ್ನಾಗಿತ್ತು.

ಏಪ್ರಿಲ್ 15

ಅನ್ವರ್ ಗುಡ್ಡದ ಮನೆಯ ನೆಲವನ್ನೆಲ್ಲ ಅಗೆಸಿದ. ಕೊಳವೆ, ಕಲ್ಲು, ಇನ್ನೊಂದಿಷ್ಟು ಕೊಳವೆ. ಒಂದು ಕೋಣೆಯಿಲ್ಲ, ಒಂದು ಮೂಳೆಯಿಲ್ಲ. ಕೈದಿಗಳನ್ನು ಎಲ್ಲಿಟ್ಟಿದ್ದರು, ಎಲ್ಲಿಗೆ ಕಳಿಸಿದರು, ಒಂದೂ ಗೊತ್ತಾಗದೆ ಅಗೆಯುವವರನ್ನು ವಾಪಸ್ ಕಳಿಸಿದ. ರೊಟ್ಟಿಗಳ ಫೋಟೋ ತೆಗೆದು ಮನೆಯವರಿಗೆ ಕೊಡಬಹುದು ಎಂದು ಅಪ್ಪಣೆಯಾಯಿತು.

ಇಡೀ ದಿನ ಕೊಟ್ಟೆವು. ಒಬ್ಬೊಬ್ಬರೂ ಕೇಳುವುದು ಒಂದೇ: ಅವನ ಹಲ್ಲು ಕೂತಿತಾ? ಕೂತಿತು ಎಂದರೆ ಅಲ್ಲೇ ನೆಲಕ್ಕೆ ಬಡಿದುಕೊಂಡು ಅಳುತ್ತಾರೆ, ಆಮೇಲೆ ಎದ್ದು, ಮುಖ ತೊಳೆದು, ಕಾಲುವೆಯ ಕಡೆಗೆ ನಡೆಯುತ್ತಾರೆ. ಸತ್ತವರ ರೊಟ್ಟಿಯನ್ನು ಮುರಿದು ಹರಿಯುವ ನೀರಿಗೆ ಬಿಡಬೇಕು. ಅಲ್ಲಿಗೆ ಕಾಯುವುದು ಮುಗಿಯಿತು. ಅವರನ್ನು ನೋಡಿ ಒಂದು ಕ್ಷಣ ಹೊಟ್ಟೆಕಿಚ್ಚಾಯಿತು. ದೇವರು ಕ್ಷಮಿಸಲಿ.

ಸೋರಾ ಖೋಲಾಳ ಸರದಿ ಬಂತು. ಅವಳ ರೊಟ್ಟಿಯಲ್ಲಿ ಒಂದೇ ಕಚ್ಚು, ಮನೆಯಲ್ಲಿ ಕಚ್ಚಿದ್ದು. ಅವನು ಮುಟ್ಟಿಲ್ಲ, ಯಾರೂ ಮುಟ್ಟಿಲ್ಲ.

"ಹಾಗಾದ್ರೆ ಬರ್ತಾನೆ" ಎಂದು ಎದೆಗವಚಿಕೊಂಡಳು. "ಮತ್ತೆ ಗೋಡೆಗೆ ಹಾಕೋಣ. ಚೀಲ ಹಿಡ್ಕೊಳ್ಳೇ."

ಹಿಂದೆ ನಿಂತಿದ್ದವಳು ಚೀಲದ ಬಾಯಿ ಅಗಲಿಸಿದಳು. ಬೆನ್ನು ಬಾಗಿದ, ಒಂದು ಕಣ್ಣಿಗೆ ಪೊರೆ ಬಂದ ಹೆಂಗಸು. ಅಕ್ಕ ತಂಗಿಯರು ಎಂದುಕೊಂಡೆ. ತಂಗಿಯೇ ಎಂದು ಕೇಳಿಯೂ ಬಿಟ್ಟೆ.

"ಸೊಸೆ ಕಣಮ್ಮ. ಇಪ್ಪತ್ತಕ್ಕೆ ಬಂದೋಳು, ಬಂಗಾರದಂಥೋಳು. ಇವತ್ತಿಗೂ ಎದುರುತ್ತರ ಕೊಟ್ಟಿಲ್ಲ."

ಬಂಗಾರದಂಥವಳು ನನ್ನ ಮುಖವನ್ನೂ ನೋಡಲಿಲ್ಲ, ರೊಟ್ಟಿಯನ್ನೂ ನೋಡಲಿಲ್ಲ. ಚೀಲವನ್ನು ಹೆಗಲಿಗೇರಿಸಿ ಅತ್ತೆಯ ಹಿಂದೆ ನಡೆದಳು. ಗೇಟು ದಾಟಿ, ಇಳಿಜಾರಿನಲ್ಲಿ ಬಸ್ ನಿಲ್ದಾಣದವರೆಗೂ ಅವರು ಕಾಣುತ್ತಿದ್ದರು. ನೋಡುತ್ತ ನಿಂತುಬಿಟ್ಟೆ. ತೋಹಿರ್ ಅಕಾ ಬಂದು ಮುಂದಿನವರು ಕಾಯುತ್ತಿದ್ದಾರೆ ಎಂದ.

ಸಾಯಂಕಾಲ ಅನ್ವರ್ ಕೇಳಿದ. "ನಿಮ್ಮದೂ ಸಿಕ್ಕಿದೆ ಅಂದ್ರು ಓಪಾ. ನೋಡಿದ್ರಾ?"

"ನೋಡಿದೆ. ಕೂತಿತು" ಎಂದೆ.

ಅವನು ನನ್ನ ಕೈ ಹಿಡಿದುಕೊಂಡ. ಮಾತು ನನ್ನ ಬಾಯಿಂದ ಬಂದಾಗಿತ್ತು.

ಏಪ್ರಿಲ್ 19

ಬೆಳಗ್ಗೆ ರೊಟ್ಟಿಯನ್ನು ಮನೆಗೆ ತಂದೆ. ನಸೀಬಾ ಹಾಸಿಗೆ ಮಡಿಸುತ್ತಿದ್ದಳು. ಬಟ್ಟೆಯ ಗಂಟು ನೋಡಿದವಳೇ ಕೂತುಬಿಟ್ಟಳು.

"ಅವನ ಹಲ್ಲು?"

"ಕೂತಿತು."

ಅವಳು ಜೋರಾಗಿ ಅಳಲಿಲ್ಲ. ಗೋಡೆಗೆ ಹಣೆ ಒತ್ತಿಕೊಂಡಳು. ನಾನು ಪೆಟ್ಟಿಗೆಯಿಂದ ಸೂತಕದ ನೀಲಿ ವಸ್ತ್ರ ಎರಡು ತೆಗೆದೆ. ಒಂದನ್ನು ಅವಳ ತಲೆಗೆ ಕಟ್ಟಿದೆ, ಒಂದನ್ನು ನಾನು ಕಟ್ಟಿಕೊಂಡೆ. ಬದುಕಿರಬಹುದಾದ ಮಗನಿಗೆ ತಾಯಿ ನೀಲಿ ಕಟ್ಟಿದರೆ ಅದು ಶಾಪವಾಗುತ್ತದೆ ಎನ್ನುತ್ತಾರೆ. ಇರಲಿ. ಶಾಪ ಕಟ್ಟಿದವಳಿಗೇ ತಟ್ಟಲಿ.

ಕಾಲುವೆಯ ದಂಡೆಯಲ್ಲಿ, ಹಿಪ್ಪುನೇರಳೆ ಮರದ ಕೆಳಗೆ ಕೂತು ಸತ್ತವರಿಗೆ ಓದುವ ಫಾತಿಹಾ ಓದಿದೆವು. ಬೇಗ ಮುರಿದು ಬಿಡೋಣವೆಂದು ನಾನು ಗಂಟು ಬಿಚ್ಚಿದೆ.

"ಒಂದ್ಸಲ ಕೊಡಿ ಓಯಿ" ಎಂದಳು.

ಹೇಗೆ ಇಲ್ಲವೆನ್ನಲಿ? ಕೊಟ್ಟೆ. ತೊಡೆಯ ಮೇಲಿಟ್ಟುಕೊಂಡಳು. ಮೊದಲ ಕಚ್ಚಿನ ಮೇಲೆ ಬೆರಳಾಡಿಸಿದಳು. ಪಕ್ಕದ ಗೀರು ಮುಟ್ಟಿದಾಗ ಮುಖದಲ್ಲಿ ನಗುವಿನಂಥದ್ದೊಂದು ಬಂದು ಹೋಯಿತು. ಆಮೇಲೆ ರೊಟ್ಟಿಯನ್ನು ತಿರುಗಿಸಿದಳು. ಎರಡನೆಯ ಕಚ್ಚಿನ ಮೇಲೆ ಬೆರಳು ಹೋಯಿತು. ನಡುವೆ ನಿಂತ ಹಿಟ್ಟನ್ನು ಮುಟ್ಟಿತು. ಮತ್ತೆ ಪಕ್ಕಕ್ಕೆ ಸರಿದು ಅಲ್ಲೇ ನಿಂತಿತು.

ನಾನು ಖಾಲಿ ಬಟ್ಟೆಯನ್ನು ಮಡಿಸತೊಡಗಿದೆ.

"ಓಯಿ."

"ಏನಮ್ಮ."

"ಸರಿಯಾಗಿ ನೋಡಿದ್ರಾ?"

"ಸರಿಯಾಗೇ ನೋಡಿದೆ. ನೋಡೋದೇ ನನ್ನ ಕೆಲಸ."

"ಅವನದೇ ಹಲ್ಲಾ?"

"ಅವನದೇ."

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಹನ್ನೊಂದು ವರ್ಷ ಒಂದೇ ಸೂರಿನ ಕೆಳಗಿದ್ದೂ ನಾವು ಹೀಗೆ ಮುಖಕ್ಕೆ ಮುಖ ಕೊಟ್ಟು ನೋಡಿರಲಿಲ್ಲ. ಅವಳಿಗೆ ಗೊತ್ತಾಯಿತೇ? ಗೊತ್ತಾಗದೆ ಇರುತ್ತದೆಯೇ? ಅಷ್ಟು ಕಡಿಮೆ ದಿನ ಸಂಸಾರ ಮಾಡಿದವಳಿಗೆ ಗಂಡನ ಹಲ್ಲು ನೆನಪಿರುತ್ತದೆಯೇ? ಕೇಳಲಿಲ್ಲ. ಇನ್ನು ಕೇಳುವುದೂ ಇಲ್ಲ.

ಅವಳು ಬಗ್ಗಿ ರೊಟ್ಟಿಗೆ ಮುತ್ತಿಟ್ಟು ನನ್ನ ಕೈಗೆ ಕೊಟ್ಟಳು. ಮುರಿಯಬೇಕಾದವಳು ತಾಯಿ. ಕಲ್ಲಿನಂತಾಗಿತ್ತು. ಮೊಣಕಾಲಿಗೆ ಒತ್ತಿ ಮುರಿದೆ. ನೀರಿನಲ್ಲಿ ತುಂಡುಗಳು ಸ್ವಲ್ಪ ದೂರ ತೇಲಿದವು, ಕೊಕ್ಕರೆಯೊಂದು ಹಿಂದೆ ಹೋಯಿತು, ತಿರುವಿನಲ್ಲಿ ಕಾಣದಾದವು. ನನ್ನ ಮಗ ಬದುಕಿದ್ದ ಎಂದು ಹೇಳುತ್ತಿದ್ದ ವಸ್ತು ಲೋಕದಲ್ಲಿ ಅದೊಂದೇ ಇತ್ತು. ಫೋಟೋ ಇದೆ ಎನ್ನಬಹುದು. ಫೋಟೋದಲ್ಲಿ ಬೆರಳಿಗೆ ಏನು ಸಿಗುತ್ತದೆ?

ವಾಪಸ್ ಬರುವಾಗ ನಸೀಬಾ ನನ್ನ ತೋಳು ಹಿಡಿದುಕೊಂಡಿದ್ದಳು. ಅಥವಾ ನಾನು ಅವಳದನ್ನು.

ಏಪ್ರಿಲ್ 28

ಎರ್ಗಾಶನ ತಾಯಿ ಬಂದಳು. ಒಳಗೆ ಕೂರಿಸಿ ಚಹಾ ಕೊಟ್ಟೆ. ಎರ್ಗಾಶ್ ಬಾಗಿಲಾಚೆ ಚಪ್ಪಲಿಗಳ ಹತ್ತಿರ ನಿಂತಿದ್ದ. ನಿಜಕ್ಕೂ ಕುಳ್ಳನೇ. ಒಳಗೆ ಬಾರಪ್ಪ ಎಂದರೆ ಕಿವಿ ಕೆಂಪಗೆ ಮಾಡಿಕೊಂಡ.

"ಸೂತಕ ಕಳೀಲಿ, ಬೇಸಿಗೆಗೆ ಇಟ್ಕೊಳ್ಳೋಣ" ಎಂದಳು ಅವನ ತಾಯಿ. "ನಿಮ್ಮನ್ನ ಒಂಟಿ ಮಾಡ್ತಿದೀವಿ ಅಂತ ನಮಗೂ ಸಂಕಟ ಅಕ್ಕಾ."

"ಒಂಟಿ ಯಾಕೆ? ಮಗಳನ್ನ ಕೊಡ್ತಿದೀನಿ. ಹಬ್ಬ ಹುಣ್ಣಿಮೆಗೆ ಕಳಿಸ್ತೀರಲ್ಲ."

ತಟ್ಟೆಯ ರೊಟ್ಟಿ ಮೆತ್ತಗಿತ್ತು. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ಮುರಿದೆ. ಒಂದು ತುಂಡು ಅವರಿಗೆ ಕೊಟ್ಟೆ, ಒಂದನ್ನು ನಸೀಬಾಳ ಬಾಯಿಗೆ ಇಟ್ಟೆ. ಅವಳು ಅಗಿಯುತ್ತ ಅತ್ತಳು.

ಅವರೆಲ್ಲ ಹೋದ ಮೇಲೆ ಇಲ್ಲಿ ಬಂದು ಕೂತಿದ್ದೇನೆ. ಗುಡ್ಡದ ಮನೆಯ ಕೆಲಸ ಮುಗಿಯಿತು, ಸೋಮವಾರದಿಂದ ಮತ್ತೆ ಕಂಬಳಿಗಳು. ಉಯ್ಯಾಲೆಯ ಪಕ್ಕಕ್ಕೆ ‘ಕಾರಣ ತಿಳಿಯದು’ ಎಂದು ಬರೆಸಿ ತೋಹಿರ್ ಅಕಾ ಕೋಣೆ ಮುಚ್ಚಿಸಿದ.

ಬೋತಿರ್, ಮಗನೇ, ನೀನು ಎಲ್ಲೇ ಇರು. ಒಂದು ದಿನ ಬಂದರೆ ಮೊದಲು ನನ್ನ ಹತ್ತಿರ ಬಾ. ಬಿಸಿ ರೊಟ್ಟಿ ಸುಟ್ಟು, ಹಾಲಿನಲ್ಲಿ ನೆನೆಸಿ, ಮೆತ್ತಗೆ ಮಾಡಿ ಕೊಡುತ್ತೇನೆ. ತಿಂದಾದ ಮೇಲೆ ನನ್ನನ್ನು ಎಷ್ಟು ಬೇಕಾದರೂ ಬೈಯಿ. ಅವಳನ್ನು ಬೈಯಬೇಡ.